ಫಳಾರಿ ಗಾಜಿನಂಗಡಿಗೆ ಬಂದದ್ದು

ಅವಳಿಗೆ ಫಳಾರಿ ಅಂತ ಹೆಸರಿಟ್ಟವರು ಅವಳ ದೊಡ್ಡಪ್ಪ. ಹೊಸಬರು ಆ ಹೆಸರು ಕೇಳಿ, ಈ ಹುಡುಗಿಗೆ ಫಳಾರದ ಚಪಲ ಜಾಸ್ತಿ ಇರಬೇಕು, ಯಾವಾಗಲೂ ಏನಾದರೂ ಬಾಯಾಡಿಸುತ್ತಾಳೇನೋ ಅಂದುಕೊಳ್ಳುತ್ತಿದ್ದರು. ಸಂಗತಿ ಅದಲ್ಲ. ಗಾಜಿನ ಸಾಮಾನು ಯಾವುದೇ ಇರಲಿ, ಅವಳ ಕೈಗೆ ಬಂತು ಅಂದರೆ ಸ್ವಲ್ಪ ಹೊತ್ತಿಗೆ ಫಳಾರ್ ಅಂತ ನೆಲ ಸೇರುತ್ತಿತ್ತು. ಲೋಟ, ಜಗ್ಗು, ದೀಪದ ಬುರುಡೆ, ಚಿಕ್ಕಮ್ಮನ ಕನ್ನಡಕ, ಯಾವುದಕ್ಕೂ ಭೇದಭಾವ ಇರಲಿಲ್ಲ.

ಹಾಗಂತ ಅವಳೇನು ಒರಟು ಹುಡುಗಿಯಲ್ಲ. ಮಕ್ಕಳು ಕಿಕ್ಕಿರಿದಿದ್ದ ಮನೆ. ಅವರಲ್ಲಿ ದೊಡ್ಡವಳು ಇವಳು. ಯಾರಾದರೂ ಬಂದರೆ ಅಡುಗೆಮನೆಯಿಂದ ಅಮ್ಮನ ಕೂಗು ಬರುತ್ತಿತ್ತು: "ನೀರಿನ ಜಗ್ಗು ತಗೊಂಡು ಹೋಗು, ಹಾಗೇ ಲೋಟಗಳನ್ನೂ ತಗೋ, ಹಾಗೇ ಬರ್ತಾ ತಮ್ಮನ್ನ ಎತ್ಕೊಂಡು ಬಾ." ಆ ಎರಡು 'ಹಾಗೇ'ಗಳ ನಡುವೆ ಏನೋ ಒಂದು ಜಾರಿಬಿಡುತ್ತಿತ್ತು. ಪುಣ್ಯಕ್ಕೆ ತಮ್ಮ ಒಬ್ಬ ಮಾತ್ರ ಯಾವತ್ತೂ ಜಾರಲಿಲ್ಲ.

ಒಡೆದದ್ದರ ಬದಲಿಗೆ ಇನ್ನೊಂದು ತರಲು ಅವಳನ್ನೇ ಓಡಿಸುತ್ತಿದ್ದರು. ಗಾಜಿನಂಗಡಿ ಎರಡು ಬೀದಿ ಆಚೆ. ಅಲ್ಲಿ ಸಾಮಾನು ಕಟ್ಟಿಕೊಡುತ್ತಿದ್ದವನು ಅಂಗಡಿಯವರ ಒಬ್ಬನೇ ಮಗ. ಮಾತು ಕಮ್ಮಿ, ಕೈ ನಿಧಾನ. ಬೇರೆ ಗಿರಾಕಿಗಳಿಗೆ ಲೋಟವನ್ನು ಅರ್ಧ ಹಾಳೆ ಕಾಗದದಲ್ಲಿ ಸುತ್ತಿ ಕೊಡುವವನು ಇವಳು ಬಂದರೆ ಇಡೀ ದಿನಪತ್ರಿಕೆ ಬಿಚ್ಚಿ ಸುತ್ತುತ್ತಿದ್ದ. ಇವಳೂ ಅವಸರವೇನಿಲ್ಲ ಅನ್ನುವಂತೆ ನಿಂತಿರುತ್ತಿದ್ದಳು. ಒಂದು ದಿನ ಅವನು ಎಂದಿನಂತೆ "ಇವತ್ತು ಏನು ಒಡೀತು?" ಅಂತ ಕೇಳಿದ.

"ಏನೂ ಇಲ್ಲ," ಅಂದಳು ಅವಳು. "ಸುಮ್ನೆ ಬಂದೆ."

ಅವನ ಕಿವಿಗಳು ಕೆಂಪಾದವು. ಮುಂದಿನದನ್ನು ಮನೆಯವರು ಮಾತಾಡಿ ಮುಗಿಸಿದರು. ಅಂಗಡಿಯ ಯಜಮಾನರು, ಅಂದರೆ ಹುಡುಗನ ಅಪ್ಪ, ಮೊದಮೊದಲು ತಲೆ ಕೊಡವಿದ್ದು ನಿಜ. "ಗಿರಾಕಿಯಾಗಿದ್ದಾಗ ಆ ಹುಡುಗಿ ನಮ್ಮ ಅಂಗಡಿ ನಡೆಸ್ತಿದ್ಲು. ಸೊಸೆಯಾಗಿ ಬಂದ್ರೆ ಬಾಗಿಲು ಹಾಕಿಸ್ತಾಳೆ," ಅಂದರು. ಅವರ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತವರು ತಲೆ ಎತ್ತದೆ, "ಹುಡುಗ ಒಪ್ಪಿದಾನೆ. ಇನ್ನು ಲೋಟಗಳನ್ನೂ ಕೂರಿಸಿ ಒಪ್ಪಿಗೆ ಕೇಳಬೇಕಾ?" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅಂಗಡಿ ಅಂದರೆ ರೈಲುಡಬ್ಬಿಯಂಥ ಉದ್ದ ಕೋಣೆ. ಒಳಗೆ ಬರುತ್ತಿದ್ದಂತೆ ಎಡಕ್ಕೆ ಬಾಣಲೆ, ಜರಡಿ, ಮರದ ಸೌಟು, ಚಾಕು. ಬಲಕ್ಕೆ ನೆಲದಿಂದ ಸೂರಿನವರೆಗೂ ಗಾಜು. ಮಾವ ತಮ್ಮ ಸೊಸೆಯನ್ನು ಬರಮಾಡಿಕೊಂಡ ಮೊದಲನೇ ದಿನವೇ ನಡುವಿನ ಹಾದಿಯಲ್ಲಿ ನಿಂತು ಕೈಯಿಂದ ಗಾಳಿಯಲ್ಲಿ ಗೆರೆ ಎಳೆದರು. "ಎಡಗಡೆ ಪೂರ್ತಿ ನಿನ್ನದೇ ಅಮ್ಮ. ಬಲಗಡೆ ನಾನು ನೋಡ್ಕೊಳ್ತೀನಿ." ಹೇಳಿದ ರೀತಿಯಲ್ಲಿ ಕಹಿ ಇರಲಿಲ್ಲ. ಆದರೂ ಅವಳು ಕಸ ಗುಡಿಸುವಾಗ ಬಲಗಡೆಗೆ ಹೋದರೆ ಅವರ ಕೆಮ್ಮು ಶುರುವಾಗುತ್ತಿತ್ತು.

ಮಾವನ ಹೆಮ್ಮೆಯೆಲ್ಲ ಒಂದು ದಪ್ಪ ಲೋಟದ ಮೇಲೆ. ಗಿರಾಕಿ ಅನುಮಾನದಿಂದ ನೋಡಿದರೆ ಸಾಕು, ಆ ಲೋಟವನ್ನು ಮೇಜಿನ ಎತ್ತರದಿಂದ ಮರದ ನೆಲಕ್ಕೆ ಬಿಟ್ಟುಬಿಡುತ್ತಿದ್ದರು. ಲೋಟ ಧಡ್ ಅಂತ ಬಿದ್ದು ಉರುಳಿ, ಹಾಗೇ ನಗುತ್ತಾ ಕೂತಿರುತ್ತಿತ್ತು. ವೈನ್ ಗ್ಲಾಸೂ ಅವರ ಹತ್ತಿರ ಒಂದೇ ಜಾತಿಯದು. ಗಿಡ್ಡ ಕಾಲು, ದಪ್ಪ ಹೊಟ್ಟೆ, ಅಂಚು ಹಗ್ಗದ ಹಾಗೆ ಉರುಟು. ಕೆಂಪು, ಬಿಳಿ, ನೊರೆ ಬರುವಂಥದ್ದು ಎಲ್ಲದಕ್ಕೂ ಅದೇ. "ಕುಡಿಯೋ ಬಾಯಿ ಒಂದು, ಇಳಿಯೋ ಗಂಟಲು ಒಂದು. ಗ್ಲಾಸು ಮಾತ್ರ ಬೇರೆ ಬೇರೆ ಯಾಕೆ? ಗಾಜಿನ ಕಂಪನಿಯವರು ಒಂದೇ ತೂತನ್ನ ನಾನಾ ಆಕಾರದಲ್ಲಿ ಮಾರ್ತಾರೆ," ಅನ್ನುತ್ತಿದ್ದರು.

ಹೀಗೆ ಕೆಲವು ವರ್ಷ ನಡೆಯಿತು. ಫಳಾರಿ ಎಡಗಡೆಯಲ್ಲಿ ಚೆನ್ನಾಗಿಯೇ ಪಳಗಿದಳು. ಬಾಣಲೆ ಕೇಳಿಕೊಂಡು ಬಂದವರಿಗೆ ಒಲೆ ಎಂಥದ್ದು, ಕೈಯಲ್ಲಿ ಎತ್ತಿ ನೋಡಿದರೆ ಭಾರ ಅನ್ನಿಸುತ್ತದಾ ಅಂತೆಲ್ಲ ವಿಚಾರಿಸಿ ಕೊಡುತ್ತಿದ್ದಳು. ಗಂಡ ವ್ಯಾನು ಹೊಡೆದುಕೊಂಡು ಕಾರ್ಖಾನೆಗಳಿಂದ ಮಾಲು ತರುತ್ತಿದ್ದ, ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ಅತ್ತೆ ಮಧ್ಯಾಹ್ನ ಬಂದು ಬಾಗಿಲ ಹತ್ತಿರ ಕೂತು ಬೀದಿಯ ಸುದ್ದಿ ಸಂಗ್ರಹಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಮಾವ ಏಣಿಯಿಂದ ಇಳಿಯುತ್ತಾ ಕೊನೆಯ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟರು. ಮುಗಿದಿರಲಿಲ್ಲ. ಕೈಲಿದ್ದ ಹೂಜಿಗೆ ಏನೂ ಆಗಲಿಲ್ಲ, ಅದನ್ನು ಎದೆಗೆ ಅವುಚಿಕೊಂಡೇ ಬಿದ್ದಿದ್ದರು. ಪಾದದ ಗಂಟು ಮಾತ್ರ ಮುರಿದಿತ್ತು. ಡಾಕ್ಟರು ಮೊಣಕಾಲಿನವರೆಗೂ ಪಟ್ಟಿ ಹಾಕಿ, ನಿಲ್ಲಬೇಡಿ, ಕೂತಿರಿ ಅಂದರು. ಮನೆಯಲ್ಲಿ ಕೂರಲು ಅವರಿಂದ ಆಗಲಿಲ್ಲ. ಅಂಗಡಿಯ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಖಾಲಿ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕಾಲು ಚಾಚಿ ಕೂತರು. ಮಗ ಊರೂರು ತಿರುಗುವವನು. ಬಲಗಡೆಗೆ ಇನ್ಯಾರು ಹೋಗಬೇಕು?

"ಎರಡೂ ಕೈ," ಅನ್ನುತ್ತಿದ್ದರು ಮಾವ ಕುರ್ಚಿಯಿಂದ. "ಎರಡೂ ಕೈಯಲ್ಲಿ ಹಿಡ್ಕೋ. ಹಾಂ. ಉಸಿರಾಡು, ಉಸಿರು ಕಟ್ಟಬೇಡ."

"ಉಸಿರು ಕಟ್ಟಿರೋದು ನೀವು ಮಾವ, ನಾನಲ್ಲ."

ಮೊದಲ ವಾರ ಒಂದಿಷ್ಟು ಒಡೆದವು, ಸುಳ್ಳು ಯಾಕೆ ಹೇಳಬೇಕು. ಆದರೆ ಅವಳು ಒಂದು ವಿಷಯ ಗಮನಿಸಿದಳು. ಒಡೆದವೆಲ್ಲ ದಪ್ಪನೆಯವು. ಬಟ್ಟಲು, ಲೋಟ, ಎರಡೆರಡು ಒಟ್ಟಿಗೆ ಎತ್ತಿದಂಥವು. ತೆಳ್ಳಗಿನ ಸಾಮಾನು ಕೈಗೆ ಬಂದರೆ ಕೈ ತನ್ನಷ್ಟಕ್ಕೆ ನಿಧಾನವಾಗುತ್ತಿತ್ತು. ಇಲ್ಲಿ ಯಾರೂ ಅವಳಿಗೆ 'ಹಾಗೇ ಬರ್ತಾ' ಅಂತ ಕೂಗುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಗ್ಲಾಸು, ಒಂದೇ ಕೆಲಸ. ದೋಷ ಇದ್ದದ್ದು ತನ್ನ ಕೈಯಲ್ಲಲ್ಲ, ಅವಸರದಲ್ಲಿ ಅನ್ನುವುದು ಅವಳಿಗೆ ಇಷ್ಟು ವಯಸ್ಸಿಗೆ ಹೊಳೆಯಿತು. ಹೊಳೆದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದ ಗಳಿಗೆಯಲ್ಲೇ ಏನಾದರೂ ಬಿದ್ದರೆ?

ಆ ಹೊತ್ತಿನಲ್ಲೇ ಅಡುಗೆಯಾಕೆಯೊಬ್ಬಳು ಅಂಗಡಿಗೆ ಬಂದದ್ದು. ಬೇರೆಯವರ ಹೋಟೆಲುಗಳಲ್ಲಿ ವರ್ಷಗಟ್ಟಲೆ ಬೇಯಿಸಿ, ಈಗ ಬೀದಿಯ ಮೂಲೆಯಲ್ಲಿ ಹಳೇ ದರ್ಜಿ ಅಂಗಡಿಯನ್ನು ಬಾಡಿಗೆಗೆ ಹಿಡಿದು ತನ್ನದೇ ಊಟದ ಮನೆ ತೆರೆಯಲು ಹೊರಟಿದ್ದ ಹೆಂಗಸು. ಮುಂಗೈಯಲ್ಲಿ ಒಲೆಯ ಸುಟ್ಟ ಗುರುತುಗಳು, ತೋಳು ಮಡಚಿದ ಅಂಗಿ, ನಿಂತಲ್ಲಿ ನಿಲ್ಲದ ಕಾಲು. ಬಂದವಳೇ ಬಲಗಡೆಗೆ ನಡೆದು ಆ ಗಿಡ್ಡ ಕಾಲಿನ ಗ್ಲಾಸನ್ನು ಎತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಹಾಗೇ ಇಟ್ಟಳು.

"ವೈನ್ ಗ್ಲಾಸು ಬೇಕಿತ್ತು ಅಕ್ಕ. ನಾನು ನಾಲ್ಕು ಥರದ ವೈನ್ ಇಡ್ಬೇಕು ಅಂತಿದೀನಿ. ಹಗುರದ ಕೆಂಪು ಒಂದು, ಗಡಸು ಕೆಂಪು ಒಂದು, ಒಂದು ಬಿಳಿ, ಒಂದು ನೊರೆದು."

"ಅದೇ ಕೈಲಿತ್ತಲ್ಲಮ್ಮ," ಅಂದರು ಮಾವ ಕುರ್ಚಿಯಿಂದ. "ನಾಲ್ಕಕ್ಕೂ ಆಗುತ್ತೆ. ಬೀಳಿಸಿ ತೋರಿಸ್ಲಾ?"

"ಬೇಡ ಯಜಮಾನ್ರೇ, ನಂಬ್ತೀನಿ. ಅದು ಬೀಳೋಕೆ ಚೆನ್ನಾಗಿದೆ. ನನಗೆ ಕುಡಿಯೋಕೆ ಬೇಕು."

ಫಳಾರಿಗೆ ನಗು ಬಂತು, ತಡೆದುಕೊಂಡಳು. ವೈನು ಅವಳಿಗೆ ಹೆಚ್ಚು ಗೊತ್ತಿದ್ದ ವಿಷಯವಲ್ಲ. ಯಾರದಾದರೂ ಮನೆಯ ಊಟದಲ್ಲಿ ಕೊಟ್ಟರೆ ಒಂದೆರಡು ಗುಟುಕು ಕುಡಿದು, ಹುಳಿ ಅಂತ ಗಂಡನ ಕಡೆ ಸರಿಸುವವಳು. ಆದ್ದರಿಂದ ನೇರವಾಗಿ ಕೇಳಿದಳು: "ನಿಜವಾಗ್ಲೂ ಬೇರೆ ಬೇರೆ ಗ್ಲಾಸು ಬೇಕಾ, ಇಲ್ಲ ಮೇಜಿನ ಮೇಲೆ ಚೆಂದ ಕಾಣುತ್ತೆ ಅಂತಾನಾ?"

ಅಡುಗೆಯಾಕೆ ಮತ್ತೆ ಆ ಗಿಡ್ಡ ಗ್ಲಾಸಿನ ಕಡೆ ನೋಡಿದಳು. "ನನಗೂ ಅರ್ಧ ಗೊತ್ತು, ಅರ್ಧ ಬೇರೆಯವರು ಹೇಳಿದ್ದು. ಒಂದು ಕೆಲಸ ಮಾಡೋಣ. ನಿಮ್ಮ ಹತ್ರ ಏನೇನು ಆಕಾರ ಇದೆಯೋ ತಗೊಂಡು ಮಧ್ಯಾಹ್ನ ನಮ್ಮಲ್ಲಿಗೆ ಬನ್ನಿ. ಬಾಟಲಿ ನಾನು ತೆಗೀತೀನಿ. ಇಬ್ರೂ ನೋಡೇಬಿಡೋಣ."

ಆಕಾರಗಳೇನೋ ಇದ್ದವು. ಕಾರ್ಖಾನೆಯ ಏಜೆಂಟ್ ಕೊಟ್ಟಿದ್ದ ಮಾದರಿಗಳ ಪೆಟ್ಟಿಗೆಯೊಂದನ್ನು ಗಂಡ ಯಾವತ್ತೋ ತಂದು ಹಿಂದಿನ ಕೋಣೆಯಲ್ಲಿ ಹಾಕಿದ್ದ. ಮಾವ ಅದನ್ನು ಬಿಚ್ಚಲೂ ಬಿಟ್ಟಿರಲಿಲ್ಲ. ಫಳಾರಿ ದೂಳು ಕೊಡವಿ, ಗ್ಲಾಸುಗಳನ್ನು ಒಂದೊಂದಾಗಿ ಬಿಸಿನೀರಲ್ಲಿ ಅದ್ದಿ ಒರೆಸಿ, ಅಂಗಡಿಯ ಗಿಡ್ಡ ಕಾಲಿನ ಗ್ಲಾಸು, ಮಾವನ ದಪ್ಪ ಲೋಟದ ಜೊತೆ ಮತ್ತೆ ಪೆಟ್ಟಿಗೆಗೆ ಸೇರಿಸಿ, ಎದೆಗೆ ಒತ್ತಿಕೊಂಡು ಬೀದಿಗೆ ಇಳಿದಳು. ಸೈಕಲ್ಲುಗಳು, ತಳ್ಳುಗಾಡಿ, ಬಾಲ ಅಲ್ಲಾಡಿಸುತ್ತಾ ಕಾಲಿಗೆ ಸುತ್ತುವ ನಾಯಿ. ಮಾವ ಕಿಟಕಿಯಿಂದ ನೋಡುತ್ತಿದ್ದವರು ನಾಯಿ ಬರುತ್ತಲೇ ಕಣ್ಣು ಮುಚ್ಚಿಕೊಂಡರು. ತೆರೆದಾಗ ಸೊಸೆ ಆಚೆ ದಡ ಸೇರಿದ್ದಳು.

ದರ್ಜಿ ಅಂಗಡಿ ಇನ್ನೂ ಊಟದ ಮನೆ ಆಗಿರಲಿಲ್ಲ. ಗೋಡೆಗೆ ಅರ್ಧ ಬಣ್ಣ ಬಳಿದಿತ್ತು. ಉಳಿದರ್ಧದ ಮೇಲೆ ಯಾರದೋ ಎದೆ ಸುತ್ತಳತೆ, ತೋಳಿನ ಉದ್ದ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಎರಡು ಪೆಟ್ಟಿಗೆಗಳ ಮೇಲೆ ಹಳೇ ಬಾಗಿಲೊಂದನ್ನು ಮಲಗಿಸಿ ಮೇಜು ಮಾಡಿದ್ದರು. ಅಡುಗೆಯಾಕೆ ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಬ್ರೆಡ್ಡು ಕತ್ತರಿಸಿಟ್ಟು, ಮೊದಲು ಹಗುರದ ಕೆಂಪು ವೈನ್ ತೆರೆದಳು. ಅದನ್ನು ದಪ್ಪ ಅಂಚಿನ ಗ್ಲಾಸಿಗೊಂದಿಷ್ಟು, ಹೊಟ್ಟೆ ಅಗಲವಾಗಿ ಬಾಯಿ ಒಳಕ್ಕೆ ಬಾಗಿದ ತೆಳು ಗ್ಲಾಸಿಗೊಂದಿಷ್ಟು ಹಾಕಿದಳು.

"ಮೊದಲು ಮೂಸಿ."

ಫಳಾರಿ ದಪ್ಪ ಗ್ಲಾಸಿಗೆ ಮೂಗು ತಂದಳು. "ವೈನ್ ವಾಸನೆ."

"ಅಷ್ಟೇನಾ?"

"ಇನ್ನೇನು, ವೈನಲ್ಲಿ ವೈನ್ ವಾಸನೆ ತಾನೇ ಬರ್ಬೇಕು."

"ಈಗ ಇದು."

ಅಗಲ ಹೊಟ್ಟೆಯದರಲ್ಲಿ ಮೂಗು ಇಳಿಸಿದವಳು ತಟ್ಟನೆ ತಲೆ ಎತ್ತಿ ಬಾಟಲಿಯನ್ನು ನೋಡಿದಳು. ಮತ್ತೆ ಮೂಸಿದಳು. ಮಾಗಿದ ಹುಳಿ ಹಣ್ಣು. ಅದರ ಹಿಂದೆ, ನೀರು ಚಿಮುಕಿಸಿದ ಕೂಡಲೇ ಹೂಕುಂಡದಿಂದ ಏಳುವ ಮಣ್ಣಿನ ವಾಸನೆ. ಅದರ ಹಿಂದೆ ಅಜ್ಜಿಯ ಬಟ್ಟೆ ಪೆಟ್ಟಿಗೆ ತೆರೆದಾಗ ಬರುತ್ತಿದ್ದಂಥ ಏನೋ ಒಂದು, ಹೆಸರಿಲ್ಲದ್ದು. "ಇದು ಬೇರೆ ಬಾಟಲೀದು," ಅಂದಳು.

"ನಿಮ್ಮ ಮುಂದೇನೇ ಹಾಕಿದ್ದಲ್ವಾ ಅಕ್ಕ."

ಅಡುಗೆಯಾಕೆ ತೋರಿಸಿದಳು. ಹೊಟ್ಟೆ ಅತಿ ಅಗಲವಾಗಿರುವ ಕಡೆಗೆ ಬಂದರೆ ಸಾಕು, ಸುರಿಯುವುದು ನಿಲ್ಲಿಸಬೇಕು. ಮೇಲೆ ಖಾಲಿ ಇರುವ ಜಾಗ ವೈನಿನದಲ್ಲ, ವಾಸನೆಯದು. ಬಾಯಿ ಒಳಕ್ಕೆ ಬಾಗಿರುವುದರಿಂದ ವಾಸನೆ ಹಾರಿಹೋಗದೆ ಅಲ್ಲೇ ನಿಂತಿರುತ್ತದೆ. ಅಂಚು ತೆಳ್ಳಗಿದ್ದರೆ ತುಟಿಗೆ ಗಾಜು ಗೊತ್ತಾಗುವುದೇ ಇಲ್ಲ, ನೇರ ನಾಲಿಗೆಗೆ ವೈನೇ ಸಿಗುತ್ತದೆ.

"ಅರ್ಧ ಗ್ಲಾಸು ಖಾಲಿ ಕೊಟ್ರೆ ಗಿರಾಕಿಗಳು ಜಗಳಕ್ಕೆ ಬರಲ್ವಾ?"

"ಬರ್ತಾರೆ. ಅದಕ್ಕೆ ಉತ್ತರ ಇನ್ನೂ ಯೋಚಿಸಿಲ್ಲ."

ಬಿಳಿ ವೈನಿನ ಕತೆ ತಿರುವುಮುರುವು. ದೊಡ್ಡ ಹೊಟ್ಟೆಯ ಗ್ಲಾಸಿನಲ್ಲಿ ಅದು ಮಾತಾಡುವಷ್ಟರಲ್ಲಿ ಬೆಚ್ಚಗಾಗಿ ಸಪ್ಪೆಯಾಯಿತು. ಚಿಕ್ಕದಾಗಿ ಕೋಳಿಮೊಟ್ಟೆಯ ಹಾಗಿದ್ದ ಗ್ಲಾಸಿನಲ್ಲಿ ಕೊನೆಯ ಗುಟುಕಿನವರೆಗೂ ತಣ್ಣಗಿತ್ತು. ಕಾಲನ್ನು ಹಿಡಿದರೆ ಇನ್ನೂ ಒಳ್ಳೆಯದು, ಅಂಗೈ ಬಿಸಿ ತಾಗುವುದಿಲ್ಲ. ನೊರೆ ವೈನನ್ನು ಅಗಲ ಗ್ಲಾಸಿಗೆ ಹಾಕಿದರೆ ಗುಳ್ಳೆಗಳು ಸಂತೆ ಮುಗಿದ ಹಾಗೆ ಖಾಲಿಯಾದವು. ಕೊಳವೆಯಂಥ ಉದ್ದ ಗ್ಲಾಸಿನಲ್ಲಿ ಗುಳ್ಳೆಗಳೇನೋ ಸಾಲುಗಟ್ಟಿ ಏಳುತ್ತಿದ್ದವು, ಆದರೆ ಬಾಯಿ ಕಿರಿದಾಗಿ ಮೂಗಿಗೆ ಜಾಗವೇ ಇರಲಿಲ್ಲ. ಅದೇ ಮೊಟ್ಟೆಯಾಕಾರದ್ದಕ್ಕೆ ಹಾಕಿ ನೋಡಿದರು. ಗುಳ್ಳೆಯೂ ಉಳಿಯಿತು, ವಾಸನೆಯೂ ಸಿಕ್ಕಿತು.

ಪೆಟ್ಟಿಗೆಯಲ್ಲಿ ದೊಡ್ಡವು ಇನ್ನೂ ಎರಡಿದ್ದವು. ಒಂದು ಯಾವುದೋ ಜಾತಿಯ ದ್ರಾಕ್ಷಿಯ ವೈನಿಗಂತೆ, ಇನ್ನೊಂದು ಬೇರೆ ಜಾತಿಯದಕ್ಕಂತೆ. ಜೊತೆಗಿದ್ದ ಚೀಟಿಯಲ್ಲಿ ಪ್ರಮಾಣ ಮಾಡಿದಂತೆ ಬರೆದಿದ್ದರು. ಇಬ್ಬರೂ ಅದಲು ಬದಲು ಮಾಡಿ ಮೂಸಿದರು. ಕುಡಿದರು. ಬ್ರೆಡ್ಡು ತಿಂದು ಮತ್ತೆ ಮೂಸಿದರು. ಫಳಾರಿಗೆ ಸೀನು ಬಂತು.

"ನನ್ನ ಮೂಗೇ ದಡ್ಡು ಇರ್ಬೇಕು," ಅಂದಳು ಅವಳು. "ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ."

"ನಾನು ನೀವು ಹೇಳ್ಲಿ ಅಂತ ಕಾಯ್ತಿದ್ದೆ," ಅಂದಳು ಅಡುಗೆಯಾಕೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಬಾಗಿಲಲ್ಲಿ ಟಕ್ ಟಕ್ ಸದ್ದಾಯಿತು. ಊರುಗೋಲು. ಮಾವನಿಗೆ ಅಲ್ಲಿ ಕೂರಲಾಗಿರಲಿಲ್ಲ. ಅತ್ತೆಯನ್ನು ಅಂಗಡಿಯಲ್ಲಿ ಕೂರಿಸಿ, ಪಟ್ಟಿ ಕಟ್ಟಿದ ಕಾಲನ್ನು ಎತ್ತಿಕೊಂಡು ಕುಪ್ಪಳಿಸುತ್ತಾ ಬೀದಿ ದಾಟಿ ಬಂದಿದ್ದರು. "ಪೆಟ್ಟಿಗೆ ಏನಾಯ್ತು ನೋಡೋಣ ಅಂತ ಬಂದೆ," ಅಂದರು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಆದರೂ ವಾಪಸು ಹೋಗಲಿಲ್ಲ. ಮೇಜಿನ ಮೇಲಿನ ಸಂಭ್ರಮ ನೋಡಿ, "ಇದೆಲ್ಲ ಮನಸ್ಸಿನ ಭ್ರಮೆ," ಅಂತ ಕುರ್ಚಿ ಎಳೆದುಕೊಂಡು ಕೂತರು.

"ಹಾಗಾದ್ರೆ ಕಣ್ಣು ಮುಚ್ಚಿ ಮಾವ. ನಾನು ಗ್ಲಾಸು ಹಿಡೀತೀನಿ, ನೀವು ಕೈ ಹಾಕ್ಬೇಡಿ."

ಅಡುಗೆಯಾಕೆ ತನ್ನ ಏಪ್ರನ್ನನ್ನು ಮಡಚಿ ಅವರ ಕಣ್ಣಿಗೆ ಕಟ್ಟಿದಳು. ಫಳಾರಿ ಮೊದಲು ದಪ್ಪ ಗ್ಲಾಸಿನಿಂದ ಹಗುರದ ಕೆಂಪು ವೈನ್ ಕುಡಿಸಿದಳು. "ಪರವಾಗಿಲ್ಲ," ಅಂದರು ಮಾವ. ಆಮೇಲೆ ಅದನ್ನೇ ಅಗಲ ಹೊಟ್ಟೆಯದರಿಂದ. ಮಾವ ಗುಟುಕು ನುಂಗಿ, ತುಟಿ ಚಪ್ಪರಿಸಿ, ಮೂಗನ್ನು ಮುಂದೆ ಚಾಚಿ ಇನ್ನೊಂದು ಸಲ ಹುಡುಕಿದರು. "ಇದು ಬೆಲೆ ಬಾಳೋದು. ಇದನ್ನ ಮೊದಲೇ ಕೊಡೋದಲ್ವಾ? ಆ ಹಾಳು ವೈನ್ ಯಾಕೆ ಕೊಟ್ರಿ?"

ಫಳಾರಿ ಮುಂದಿನ ಬಾಟಲಿ ಹಿಡಿದಳು. ಗಡಸು ಕೆಂಪು. ಒಂದು ಗುಟುಕು ಎತ್ತರದ ತೆಳು ಗ್ಲಾಸಿನಿಂದ, ಒಂದು ಗುಟುಕು ಅವರದೇ ದಪ್ಪ ಲೋಟದಿಂದ. ಈ ಸಲ ಮಾವ ಯೋಚಿಸಲೇ ಇಲ್ಲ. "ಎರಡನೇದು. ಮೊದಲನೇದು ಮೂಗಿಗೆ ಗುದ್ದುತ್ತೆ. ಎರಡನೇದು ಸುಮ್ನೆ ಗಂಟಲಿಗೆ ಇಳೀತು."

ಏಪ್ರನ್ ಬಿಚ್ಚಿ ಎರಡೂ ಸಂಗತಿ ಹೇಳಿದಾಗ ಅವರು ಮೊದಲನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ ಅನ್ನುವಂತೆ ಎರಡನೆಯದನ್ನು ಹಿಡಿದು ಕೂತರು. "ನೋಡಿದ್ಯಾ? ನನ್ನ ಲೋಟ." ಅಡುಗೆಯಾಕೆ ತಾನೂ ಲೋಟದಲ್ಲೇ ಕುಡಿದು ನೋಡಿದಳು. ರುಚಿ ನೋಡಲೆಂದು ಒಲೆಯ ಮೇಲಿಟ್ಟಿದ್ದ ಮಾಂಸದ ಸಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಮತ್ತೆ ಕುಡಿದಳು. ಆಮೇಲೆ ತಲೆ ಆಡಿಸಿದಳು. "ಯಜಮಾನ್ರು ಹೇಳೋದು ಸರಿ. ಸಾರಿನ ಜೊತೆ ಇದು ಲೋಟದಲ್ಲೇ ಸರಿಹೋಗುತ್ತೆ. ಮೂಸ್ತಾ ಕೂರೋ ವೈನಲ್ಲ, ಊಟ ಮಾಡ್ತಾ ಕುಡಿಯೋದು."

ಆಕಾರ ತೀರ್ಮಾನವಾದರೆ ಸಾಲದು. ಫಳಾರಿ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ನೋಡಿದಳು. ನಲ್ಲಿ ತಗ್ಗಿತ್ತು, ಉದ್ದ ಕಾಲಿನ ಗ್ಲಾಸನ್ನು ಅದರ ಕೆಳಗೆ ಓರೆ ಮಾಡಲೂ ಆಗುತ್ತಿರಲಿಲ್ಲ. ಗೋಡೆಯ ಕಪಾಟಿನ ಬಾಗಿಲು ತೆರೆದು ಮೂಸಿದಳು. ಹೊಸ ಬಣ್ಣದ ವಾಸನೆ. "ಇದರಲ್ಲಿ ಬೋರಲು ಹಾಕಿಟ್ರೆ ಗ್ಲಾಸೊಳಗೆ ಪೇಂಟ್ ತುಂಬ್ಕೊಂಡು ಕೂತಿರುತ್ತೆ. ನೇರವಾಗಿ ನಿಲ್ಲಿಸಿ, ಬಾಗಿಲು ಸ್ವಲ್ಪ ದಿನ ತೆಗೆದಿಡಿ." ಮೇಜುಗಳ ಅಗಲ ಕೇಳಿದಳು. ತಟ್ಟೆ, ಬ್ರೆಡ್ಡಿನ ಬುಟ್ಟಿ, ಎರಡು ಮೊಣಕೈ ಇಟ್ಟರೆ ಉಳಿಯುವ ಜಾಗ ಎಷ್ಟು ಅಂತ ಮೇಜಾಗಿದ್ದ ಬಾಗಿಲಿನ ಮೇಲೇ ಇಟ್ಟು ತೋರಿಸಿದಳು. ಕೊನೆಗೆ ಮೂರೇ ಬಗೆ ಸಾಕು ಅಂತಾಯಿತು. ಹಗುರದ ಕೆಂಪಿಗೆ ಅಗಲ ಹೊಟ್ಟೆಯದು, ಅದೂ ಗಿಡ್ಡ ಕಾಲಿನದು ಸಿಕ್ಕರೆ. ಬಿಳಿಗೂ ನೊರೆಗೂ ಮೊಟ್ಟೆಯಾಕಾರದ್ದು. ಗಡಸು ಕೆಂಪಿಗೆ ಮಾವನ ಲೋಟ.

ಊಟದ ಮನೆಯ ಕುರ್ಚಿಗಳನ್ನು ಎಣಿಸಿ ಅಷ್ಟೇ ಗ್ಲಾಸು ತರಿಸಿದ್ದು. ಊಟದ ಮನೆ ತೆರೆಯುವ ಹಿಂದಿನ ದಿನ ಗಂಡ ವ್ಯಾನಿನಲ್ಲಿ ತಂದಿಳಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಲ್ಲು ಬಿಡಿಸಿ, ತೊಳೆದು, ಒರೆಸುವ ಕೆಲಸಕ್ಕೆ ಮನೆಮಂದಿಯೆಲ್ಲ ಕೂತರು. ಗಂಡ ಬಿಚ್ಚುತ್ತಿದ್ದ, ಫಳಾರಿ ತೊಳೆಯುತ್ತಿದ್ದಳು, ಅತ್ತೆ ಹಬೆಯಾಡುವ ನೀರಿನ ಪಾತ್ರೆಯ ಮೇಲೆ ಹಿಡಿದು ಕೊಡುತ್ತಿದ್ದರು, ಮಾವ ಒರೆಸುತ್ತಿದ್ದರು. ಕಾಲಿನ ಪಟ್ಟಿ ಬಿಚ್ಚಿ ಕೆಲವು ದಿನವಾಗಿತ್ತು, ಅವರು ಲಹರಿಯಲ್ಲಿದ್ದರು. ದಪ್ಪ ಲೋಟ ಒರೆಸಿ ಒರೆಸಿ ಪಳಗಿದ ಕೈ. ಒಂದು ಕೈಯಲ್ಲಿ ಗ್ಲಾಸಿನ ಪಾದ ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆಯನ್ನು ಬಟ್ಟೆಯಿಂದ ಗಟ್ಟಿಯಾಗಿ ತಿರುವಿದರು.

ಟಿಕ್ ಅಂತ ಸಣ್ಣ ಸದ್ದು. ಕಾಲು ಒಂದು ಕೈಯಲ್ಲಿ, ಹೊಟ್ಟೆ ಇನ್ನೊಂದು ಕೈಯಲ್ಲಿ. ಆ ಗಾಬರಿಗೆ ಹೊಟ್ಟೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

ಆ ಅಂಗಡಿಯಲ್ಲಿ ಹುಟ್ಟಿ ಬೆಳೆದ ಮಗನೂ ಅಪ್ಪನ ಕೈಯಲ್ಲಿ ಏನಾದರೂ ಒಡೆದದ್ದನ್ನು ನೋಡಿರಲಿಲ್ಲ. ಮಾವ ಕೈಲಿ ಉಳಿದ ಕಾಲನ್ನು ಯಾರದೋ ವಸ್ತು ಅನ್ನುವಂತೆ ನೋಡುತ್ತಿದ್ದರು.

"ಕೈಗೆ ಏನಾದ್ರೂ ತಾಗ್ತಾ ಮಾವ?" ಅಂದಳು ಫಳಾರಿ.

ಅವರು ಅಂಗೈ ತಿರುಗಿಸಿ ನೋಡಿಕೊಂಡರು. "ಇಲ್ಲ."

"ಹಾಗೇ ಕೂತಿರಿ, ಕಾಲು ಕೆಳಗಿಡ್ಬೇಡಿ."

ಅವಳು ಬಗ್ಗಿ ದೊಡ್ಡ ಚೂರುಗಳನ್ನು ಕಾಗದಕ್ಕೆ ಹೆಕ್ಕಿದಳು. ಗುಡಿಸಿದಳು. ಆಮೇಲೆ ಬ್ರೆಡ್ಡಿನ ಮೆತ್ತನೆ ತುಂಡೊಂದನ್ನು ಒದ್ದೆ ಮಾಡಿ ನೆಲಕ್ಕೆ ಒತ್ತೊತ್ತಿ, ಕಣ್ಣಿಗೆ ಕಾಣದ ಪುಡಿಯನ್ನೂ ತೆಗೆದಳು. ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಾವ ಅಷ್ಟೂ ಹೊತ್ತು ಅವಳ ಕೈಗಳನ್ನೇ ನೋಡುತ್ತಿದ್ದರು.

"ನಿಮ್ಮನೇಲಿ ಲೋಟ ಒಡೆದಾಗ ಹೀಗೇ ಕೇಳ್ತಿದ್ರಾ?" ಅಂದರು. "ಕೈಗೆ ತಾಗ್ತಾ ಅಂತ?"

"ನಮ್ಮನೇಲಿ ಮೊದಲು ಯಾವ ಲೋಟ ಅಂತ ಕೇಳ್ತಿದ್ರು."

ಮಾವ ಕೈಲಿದ್ದ ಮುರಿದ ಕಾಲನ್ನು ಕಾಗದದ ಚೂರುಗಳ ಜೊತೆ ಇಟ್ಟರು. ಆಮೇಲೆ ಇನ್ನೊಂದು ಗ್ಲಾಸನ್ನು ಅವಳ ಕಡೆ ಚಾಚಿದರು. "ಇದನ್ನ ಹೇಗೆ ಹಿಡಿಯೋದು, ತೋರಿಸಮ್ಮ."

ಅವಳು ಪಕ್ಕದಲ್ಲಿ ಕೂತು ತೋರಿಸಿದಳು. ಪಾದವನ್ನು ಮುಟ್ಟಬಾರದು. ಹೊಟ್ಟೆಯನ್ನೇ ಬಟ್ಟೆಯ ಸಮೇತ ಅಂಗೈಯಲ್ಲಿ ಕೂರಿಸಿಕೊಂಡು, ಬಟ್ಟೆಯ ಇನ್ನೊಂದು ತುದಿಯನ್ನು ಒಳಗಿಳಿಸಿ ಮೆಲ್ಲಗೆ ಸುತ್ತಿಸಬೇಕು. ಮೇಲೊಂದು ಕಡೆ ಕೆಳಗೊಂದು ಕಡೆ ತಿರುಗಿಸಿದರೆ ಕಾಲು ಮುರಿಯುತ್ತದೆ. "ನಿನಗೆ ಹೇಗೆ ಗೊತ್ತು?" ಅಂದರು ಮಾವ. "ಮಾದರಿ ಪೆಟ್ಟಿಗೇಲಿ ಇನ್ನೂ ಒಂದು ಗ್ಲಾಸಿತ್ತು," ಅಂದಳು ಫಳಾರಿ. ಗಂಡ ಮುಖ ಆಚೆ ತಿರುಗಿಸಿಕೊಂಡ. ಅವನ ಹೆಗಲು ಕುಲುಕುತ್ತಿತ್ತು. ಮೊದಲು ಜೋರಾಗಿ ನಕ್ಕವರು ಅತ್ತೆ. ಆಮೇಲೆ ಮಾವನೂ ತಡೆದುಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಮನೆ ತೆರೆಯಿತು. ಗೋಡೆಗೆ ಪೂರ್ತಿ ಬಣ್ಣ ಬಂದಿತ್ತು. ದರ್ಜಿಯ ಅಳತೆ ಬರೆದಿದ್ದ ಒಂದು ಮೂಲೆಯನ್ನು ಮಾತ್ರ ಅಡುಗೆಯಾಕೆ ಹಾಗೇ ಬಿಟ್ಟಿದ್ದಳು. ಬೀದಿಯವರೆಲ್ಲ ಬಂದಿದ್ದರು. ಅಗಲ ಹೊಟ್ಟೆಯ ಗ್ಲಾಸು ಒಂದು ಕಡಿಮೆ ಇತ್ತಲ್ಲ, ಮಾವ ತಾವಾಗಿಯೇ ಲೋಟ ತೆಗೆದುಕೊಂಡು ಗಡಸು ಕೆಂಪು ಹಾಕಿಸಿಕೊಂಡರು. ಪಕ್ಕದ ಮೇಜಿನಲ್ಲಿದ್ದ ಬೀಗದ ಅಂಗಡಿಯವನು ತನ್ನ ಗ್ಲಾಸನ್ನು ಎತ್ತಿ ಹಿಡಿದು, "ಏನಿದು, ಅರ್ಧಾನೂ ತುಂಬಿಲ್ಲ," ಅಂತ ಗೊಣಗಿದ. ಅಡುಗೆಯಾಕೆ ಒಲೆಯ ಹತ್ತಿರದಿಂದ ಫಳಾರಿಯ ಕಡೆ ನೋಡಿದಳು. ಫಳಾರಿ ಬಾಯಿ ತೆರೆಯುವಷ್ಟರಲ್ಲಿ ಮಾವ ಕುರ್ಚಿ ತಿರುಗಿಸಿಕೊಂಡಿದ್ದರು.

"ಆ ಖಾಲಿ ಜಾಗ ಇದೆಯಲ್ಲಪ್ಪ, ಅದು ನಿನ್ನ ಮೂಗಿನ ಪಾಲು," ಅಂದರು. "ಮೂಗನ್ನ ಒಳಗಿಡು. ಇನ್ನೂ ಒಳಗೆ. ಹಾಂ. ಈಗ ಹೇಳು, ಏನು ಕಾಣ್ತು? ಅಂಚು ತೆಳ್ಳಗಿದೆ ನೋಡು, ಸುಮ್ನೆ ಮಾಡಿದ್ದಲ್ಲ ಅದು." ಹುಟ್ಟಿದಾಗಿನಿಂದ ಇದನ್ನೇ ಹೇಳಿಕೊಂಡು ಬಂದವರ ಹಾಗೆ ಮಾತು ಹರಿಯಿತು. ಅತ್ತೆ ಫಳಾರಿಯ ಕಿವಿಯಲ್ಲಿ, "ಸುಮ್ನಿರು, ಮಧ್ಯ ಬಾಯಿ ಹಾಕ್ಬೇಡ. ಮಾತಾಡಿ ಸುಸ್ತಾದ್ರೆ ನಿದ್ದೆ ಚೆನ್ನಾಗಿ ಬರುತ್ತೆ," ಅಂದರು. ಬೀಗದ ಅಂಗಡಿಯವನು ಎರಡನೇ ಗ್ಲಾಸು ತರಿಸಿಕೊಂಡ. ಅಡುಗೆಯಾಕೆಯ ಸಾರು ಮೂರನೇ ಸುತ್ತಿಗೆ ಮುಗಿದುಹೋಯಿತು. ಕೊನೆಯಲ್ಲಿ ಬಂದವರಿಗೆ ಬ್ರೆಡ್ಡು, ಮೊಟ್ಟೆ ಹುರಿದು ಕೊಟ್ಟಳು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಆಮೇಲೆ ಅಂಗಡಿಯ ಬಲಗಡೆ ಯಾರದು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಮಾವ ತಾವೇ ಬಡಗಿಯನ್ನು ಕರೆಸಿ ಕಣ್ಣೆತ್ತರಕ್ಕೆ ಹೊಸ ಹಲಗೆ ಹೊಡೆಸಿದರು. ಫಳಾರಿ ಅದರ ಮೇಲೆ ಬೇರೆ ಬೇರೆ ಆಕಾರದವನ್ನು ಒಂದೊಂದೇ ಇಟ್ಟಳು, ಕೈಗೆ ತೆಗೆದುಕೊಂಡು ನೋಡುವಂತೆ. ಜನ ಮನೆಗೂ ಕರೆಯತೊಡಗಿದರು. ಹೋದವಳು ಮೊದಲು ವೈನಿನ ಮಾತೆತ್ತುವುದಿಲ್ಲ. ನಿಮ್ಮಲ್ಲಿ ತೊಳೆಯುವವರು ಯಾರು ಅಂತ ಕೇಳುತ್ತಾಳೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಗಟ್ಟಿ ಕಾಲಿನವನ್ನು ತೋರಿಸುತ್ತಾಳೆ. ಎಲ್ಲ ಬಗೆಯದೂ ಬೇಕು ಅಂದವರಿಗೆ, ವರ್ಷದಲ್ಲಿ ಹೆಚ್ಚು ಕುಡಿಯುವುದು ಯಾವುದೋ ಅದಕ್ಕೆ ಒಂದು ಬಗೆ ತೆಗೆದುಕೊಳ್ಳಿ, ಉಳಿದದ್ದು ಆಮೇಲೆ ನೋಡೋಣ ಅನ್ನುತ್ತಾಳೆ. ಕೆಲವರು ಮತ್ತೆ ಬರುವುದೇ ಇಲ್ಲ. ಅದರ ಬಗ್ಗೆ ಅವಳಿಗೆ ಬೇಜಾರಿಲ್ಲ. ಈಗಲೂ ಆಗೊಂದು ಈಗೊಂದು ಅವಳ ಕೈಯಲ್ಲಿ ಒಡೆಯುವುದೂ ಉಂಟು.

ಹೋದ ಚಳಿಗಾಲದಲ್ಲಿ ನಿವೃತ್ತ ಮೇಷ್ಟರೊಬ್ಬರು ಬಂದರು. ಒಬ್ಬರೇ ಇರುವವರು, ಆ ಬೀದಿಗೆ ಹೊಸದಾಗಿ ಬಂದವರು. ಹೊಸ ಹಲಗೆಯ ಮುಂದೆ ತುಂಬ ಹೊತ್ತು ನಿಂತು, ಅಗಲ ಹೊಟ್ಟೆಯದೊಂದನ್ನು ಎತ್ತಿ, "ಇದು ಒಂದೇ ಕೊಡ್ತೀರಾ? ಜೋಡಿನೇ ತಗೋಬೇಕಾ?" ಅಂತ ಸಂಕೋಚದಿಂದ ಕೇಳಿದರು.

"ಒಂದೂ ಕೊಡ್ತೀನಿ ಮೇಷ್ಟ್ರೇ. ಆದ್ರೆ ಎರಡು ತಗೊಳ್ಳಿ."

"ಎರಡು ತಗೊಂಡ್ರೆ ಇನ್ನೊಬ್ರು ಯಾರಾದ್ರೂ ಬರ್ಬೇಕಾಗುತ್ತಲ್ಲಮ್ಮ."

"ಬರ್ತಾರೆ ಬಿಡಿ," ಅಂದಳು ಫಳಾರಿ, ಮತ್ತು ಅವರು ಬೇಡ ಅನ್ನುವ ಮೊದಲೇ ಎರಡನ್ನೂ ಸುತ್ತಿದಳು.

ಹೂ ಬಿಡುವ ಕಾಲಕ್ಕೆ ಮೇಷ್ಟ್ರು ಮತ್ತೆ ಕಾಣಿಸಿಕೊಂಡರು. ಈ ಸಲ ಸಂಕೋಚ ಇರಲಿಲ್ಲ. ಮಹಡಿಯ ಮೇಲಿನವರು ಇಸ್ಪೀಟು ಆಡಲು ಬರತೊಡಗಿದ್ದಾರಂತೆ, ಅವರು ಇನ್ನಿಬ್ಬರನ್ನು ಕರೆತಂದಿದ್ದಾರಂತೆ, ಈಗ ಎರಡು ಗ್ಲಾಸು ಸಾಲುವುದಿಲ್ಲವಂತೆ.

"ತೊಳೆಯೋರು ಯಾರು ಮೇಷ್ಟ್ರೇ?"

"ಸೋತವರು ತೊಳೀಬೇಕು ಅಂತ ಮಾಡ್ಕೊಂಡಿದೀವಿ."

ಫಳಾರಿ ಹಲಗೆಯ ಮೇಲಿನದನ್ನು ತೆಗೆಯಲು ಹೋದವಳು ಕೈ ಹಿಂದೆ ತೆಗೆದಳು. "ಹಾಗಾದ್ರೆ ಸ್ವಲ್ಪ ದಪ್ಪ ಕಾಲಿಂದು ಕೊಡ್ತೀನಿ. ಸೋತವರ ಕೈ ಬಿರುಸಾಗಿರುತ್ತೆ," ಅಂದು, ಏಣಿ ಎಳೆದುಕೊಂಡು ಮೇಲಿನ ಸಾಲಿಗೆ ಹತ್ತಿದಳು.